ಆರ್ಥರ್ ಗ್ರೈಸರ್ (1897–1946): ವಾರ್ಟೆಲಾಂಡ್‌ನ ಗೌಲೈಟರ್

ನಾಜಿ ಪಕ್ಷವು ಜರ್ಮನಿಯನ್ನು ‘ಗೌ’ ಎಂಬ ಪ್ರಾಂತೀಯ ಘಟಕಗಳಾಗಿ ವಿಂಗಡಿಸಿತ್ತು. ಅವುಗಳ ಮುಖ್ಯಸ್ಥನಾದ ‘ಗೌಲೈಟರ್’ ಹಿಟ್ಲರನಿಗೆ ಮಾತ್ರ ಉತ್ತರದಾಯಿಯಾಗಿದ್ದನು. ಈ ಹುದ್ದೆಯ ನಿರಂಕುಶತೆಗೆ ಗ್ರೈಸರ್‌ನ ಆಡಳಿತಕ್ಕಿಂತ ಘೋರವಾದ ನಿದರ್ಶನಗಳು ವಿರಳ. ಪೋಸೆನ್ ಪ್ರಾಂತ್ಯದಲ್ಲಿ ಜನಿಸಿ, ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, 1929ರಲ್ಲಿ ನಾಜಿ ಪಕ್ಷವನ್ನು ಸೇರಿದ ಈತನು 1934ರಿಂದ 1939ರವರೆಗೆ ಡಾಂಜಿಗ್ ಸ್ವತಂತ್ರ ನಗರದ ಸೆನೆಟ್ ಅಧ್ಯಕ್ಷನಾಗಿದ್ದನು.

1939ರಲ್ಲಿ ಜರ್ಮನಿಯು ಪೋಲೆಂಡ್‌ನ ಪಶ್ಚಿಮ ಭಾಗವನ್ನು ಕಬಳಿಸಿ ರಚಿಸಿದ ವಾರ್ಟೆಲಾಂಡ್‌ನಲ್ಲಿ ಪಕ್ಷದ ಮತ್ತು ಸರ್ಕಾರದ ಅಧಿಕಾರಗಳೆರಡೂ ಗ್ರೈಸರ್‌ನ ಕೈಸೇರಿದವು. ಆತನು ಲಕ್ಷಾಂತರ ಪೋಲಿಷ್ ಜನರನ್ನು ಹೊರದಬ್ಬಿ, ಅವರ ಹೊಲ-ಮನೆಗಳಲ್ಲಿ ಜರ್ಮನ್ನರನ್ನು ನೆಲೆಗೊಳಿಸಿದನು. ಲೋಡ್ಜ್ ನಗರದ ಯಹೂದಿಗಳನ್ನು ‘ಘೆಟ್ಟೊ’ದಲ್ಲಿ, ಅಂದರೆ ಬೇಲಿ ಹಾಕಿ ಕಾವಲಿಟ್ಟ ಪ್ರತ್ಯೇಕ ಬಡಾವಣೆಯಲ್ಲಿ, ಕೂಡಿಹಾಕಲಾಯಿತು. 1941ರ ಡಿಸೆಂಬರ್‌ನಲ್ಲಿ ವಾರ್ಟೆಲಾಂಡ್‌ನಲ್ಲೇ ಇದ್ದ ಹೆಲ್ಮ್ನೊ ಸಂಹಾರ ಶಿಬಿರವು ಆರಂಭವಾಯಿತು. ಅಲ್ಲಿ ಸ್ನಾನಕ್ಕೆಂದು ನಂಬಿಸಿ, ಬಟ್ಟೆ ಬಿಚ್ಚಿಸಿ, ಮುಚ್ಚಿದ ಲಾರಿಗೆ ತುಂಬಿ, ಎಂಜಿನ್‌ನ ವಿಷಹೊಗೆಯನ್ನು ಒಳಗೆ ಹರಿಸಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು. ಅವರಲ್ಲಿ ಬಹುತೇಕರು ಯಹೂದಿಗಳು, ಉಳಿದವರಲ್ಲಿ ರೋಮಾ ಸಮುದಾಯದವರೂ ಇದ್ದರು.

1945ರ ಜನವರಿಯಲ್ಲಿ ಸೋವಿಯತ್ ಸೇನೆಯು ಸಮೀಪಿಸಿದಾಗ ಪೋಸೆನ್ ನಗರದಿಂದ ಪಲಾಯನ ಮಾಡಿದ ಗ್ರೈಸರ್ ಅಮೆರಿಕನ್ನರ ವಶವಾದನು, ಅವರು ಆತನನ್ನು ಪೋಲೆಂಡ್‌ಗೆ ಒಪ್ಪಿಸಿದರು. ಆ ದೇಶದ ಸರ್ವೋಚ್ಚ ರಾಷ್ಟ್ರೀಯ ನ್ಯಾಯಮಂಡಳಿಯು ವಿಚಾರಣೆ ನಡೆಸಿ ಮರಣದಂಡನೆಯನ್ನು ವಿಧಿಸಿತು. 1946ರ ಜುಲೈ 21ರಂದು ಪೋಜ್ನಾನ್‌ನಲ್ಲಿ (ಜರ್ಮನ್ನರು ಪೋಸೆನ್ ಎನ್ನುತ್ತಿದ್ದ ನಗರ) ಆತನನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಲಾಯಿತು.