ಸರ್ವರ್ ಸಾಲದಾದಾಗ: ಕ್ಲೌಡ್ ಕಂಪನಿಗೆ ಕೇಳಬೇಕಾದ ಆರು ಪ್ರಶ್ನೆಗಳು

ನಮ್ಮ ಹಲವು ಹೋಟೆಲುಗಳಲ್ಲಿ ಕ್ಯಾಷ್ ಕೌಂಟರಿನ ಹಿಂದೆ ಒಂದು ಸರ್ವರ್ ಇರುತ್ತದೆ. ಬಿಲ್ಲಿಂಗ್, ದಾಸ್ತಾನು, ರೂಮ್ ಬುಕಿಂಗ್, ಜಿಎಸ್‌ಟಿ ಲೆಕ್ಕ ಎಲ್ಲವೂ ಅದರಲ್ಲೇ. ಎರಡನೆಯ ಶಾಖೆ ತೆರೆದಾಗ, ಆನ್‌ಲೈನ್ ಬುಕಿಂಗ್ ಶುರುವಾದಾಗ ಅದು ಸಾಲದಾಗುತ್ತದೆ. ಆಗ ಕ್ಲೌಡ್ ಕಡೆಗೆ, ಅಂದರೆ ಬೇರೆಯವರ ಕಟ್ಟಡದಲ್ಲಿರುವ ಸರ್ವರನ್ನು ಬಾಡಿಗೆಗೆ ಪಡೆಯುವ ಕಡೆಗೆ ಯೋಚನೆ ಹೋಗುತ್ತದೆ. ಯಾವ ಕಂಪನಿಯನ್ನು ಆರಿಸಬೇಕು? ತಿಂಗಳ ಬಾಡಿಗೆ ಒಂದನ್ನೇ ನೋಡದೆ, ವರ್ಷದ ಅತಿ ಕಷ್ಟದ ದಿನವನ್ನು ಮುಂದಿಟ್ಟುಕೊಂಡು ಆರಿಸಬೇಕು ಎಂಬುದು ನಮ್ಮ ಸಲಹೆ.

ಕಾಶಿಯ ಉದಾಹರಣೆ ತೆಗೆದುಕೊಳ್ಳೋಣ. 2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮದ ಕಾರಿಡಾರ್ ಉದ್ಘಾಟನೆಯಾದ ಮೇಲೆ ಅಲ್ಲಿ ಯಾತ್ರಿಕರ ದಟ್ಟಣೆ ಬಹಳ ಹೆಚ್ಚಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನ ರೈಲೂ ಹೊರಟಿತು. ದಶಾಶ್ವಮೇಧ ಘಾಟಿನ ಹತ್ತಿರ ನಮ್ಮವರೊಬ್ಬರ 30 ರೂಮಿನ ವಸತಿಗೃಹ, ಕೆಳಗೆ ಊಟದ ಹಾಲ್ ಇದೆ ಎಂದುಕೊಳ್ಳಿ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯಂದು ಸರ್ವರ್ ನಿಂತರೆ ಒಂದೇ ರೂಮು ಇಬ್ಬರಿಗೆ ಬುಕ್ ಆಗುತ್ತದೆ. ಮುಂಗಡ ಕೊಟ್ಟು ಬಂದ ವಯಸ್ಸಾದ ಯಾತ್ರಿಕರನ್ನು ಆ ರಾತ್ರಿ ಎಲ್ಲಿಗೆ ಕಳಿಸುವುದು?

ಗಂಗೆಯ ಪ್ರವಾಹವೂ ಇದೆ. ವಾರಾಣಸಿಯಲ್ಲಿ ಅಪಾಯದ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901 ಮೀಟರಿಗೆ ಏರಿತ್ತು. 2025ರ ಆಗಸ್ಟಿನಲ್ಲೂ ಅಪಾಯದ ಮಟ್ಟ ದಾಟಿತು. ತಗ್ಗಿನ ಬೀದಿಯ ನೆಲಮಹಡಿಯಲ್ಲಿ ಸರ್ವರ್ ಇದ್ದರೆ ವರ್ಷಗಳ ಲೆಕ್ಕ ನೀರುಪಾಲು.

ದಿನಕ್ಕೆ 200 ಊಟ ಬಡಿಸುವವರು 2,000 ಜನರ ಪಾತ್ರೆ ಕೊಂಡಿಡುವುದಿಲ್ಲ. ಮದುವೆ ಬಂದಾಗ ಬಾಡಿಗೆಗೆ ತರುತ್ತಾರೆ. ಕ್ಲೌಡ್‌ನ ಲಾಭವೂ ಇದೇ. ಆದರೆ ಒಪ್ಪಂದಕ್ಕೆ ಮೊದಲು ಈ ಪ್ರಶ್ನೆಗಳನ್ನು ಕೇಳಿ.

1. ನಮ್ಮ ಮಾಹಿತಿ ಎಲ್ಲಿರುತ್ತದೆ? ಅಮೆಜಾನ್‌ಗೆ ಮುಂಬೈ ಮತ್ತು ಹೈದರಾಬಾದಿನಲ್ಲಿ, ಮೈಕ್ರೋಸಾಫ್ಟ್‌ಗೆ ಪುಣೆ ಮತ್ತು ಚೆನ್ನೈನಲ್ಲಿ, ಗೂಗಲ್‌ಗೆ ಮುಂಬೈ ಮತ್ತು ದೆಹಲಿಯಲ್ಲಿ ಕೇಂದ್ರಗಳಿವೆ. ನಿಮ್ಮ ಸಂಸ್ಥೆ ಕಂಪನಿಯಾಗಿ ನೋಂದಣಿಯಾಗಿದ್ದರೆ, 2022ರ ತಿದ್ದುಪಡಿಯಂತೆ ಕಂಪ್ಯೂಟರಿನಲ್ಲಿರುವ ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲೇ ಆಗಬೇಕು.

2. ಎರಡನೆಯ ಪ್ರತಿ ಎಲ್ಲಿದೆ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಸರ್ವರ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಪ್ರತಿ ಬೇರೆ ಊರಿನಲ್ಲೇ ಇರಲಿ.

3. ನಿಂತರೆ ಎಷ್ಟು ಹೊತ್ತು? 99.9 ಶೇಕಡಾ ಖಾತರಿ ಎಂದರೂ ತಿಂಗಳಿಗೆ ಸುಮಾರು 43 ನಿಮಿಷ ನಿಲ್ಲಬಹುದು. 99.5 ಎಂದರೆ ಮೂರೂವರೆ ಗಂಟೆಗೂ ಹೆಚ್ಚು. ಪರಿಹಾರವಾಗಿ ಸಾಮಾನ್ಯವಾಗಿ ಬಾಡಿಗೆಯಲ್ಲಿ ಸ್ವಲ್ಪ ಕಡಿತ ಸಿಗುತ್ತದೆಯೇ ಹೊರತು ಕಳೆದುಹೋದ ವ್ಯಾಪಾರ ತುಂಬಿ ಕೊಡುವುದಿಲ್ಲ.

4. ಇಂಟರ್‌ನೆಟ್ ಹೋದರೆ ಬಿಲ್ ಬರುತ್ತದೆಯೇ? ಲೈನ್ ಕಡಿದಾಗಲೂ ಕೌಂಟರಿನಲ್ಲಿ ಬಿಲ್ ಮುದ್ರಿಸಿ, ಲೈನ್ ಬಂದ ಮೇಲೆ ತಾನೇ ಲೆಕ್ಕ ಕಳಿಸುವ ಸಾಫ್ಟ್‌ವೇರ್ ಬೇಕು. ಎರಡು ಬೇರೆ ಬೇರೆ ಕಂಪನಿಗಳ ಲೈನ್ ಇಟ್ಟುಕೊಳ್ಳಿ.

5. ಒಟ್ಟು ಖರ್ಚೆಷ್ಟು? ಬಿಲ್ ರೂಪಾಯಿಯಲ್ಲೋ ಡಾಲರಿನಲ್ಲೋ ಕೇಳಿ. ಇದರ ಮೇಲೆ 18 ಶೇಕಡಾ ಜಿಎಸ್‌ಟಿ ಬೀಳುತ್ತದೆ. ಇನ್‌ಪುಟ್ ಕ್ರೆಡಿಟ್ ಇಲ್ಲದ 5 ಶೇಕಡಾ ದರದಲ್ಲಿರುವ ಹೋಟೆಲಿಗೆ ಅದು ಪೂರ್ತಿ ಕೈಯಿಂದ ಹೋಗುವ ಹಣ. ಮಾಹಿತಿಯನ್ನು ಹೊರಗೆ ತೆಗೆಯಲು ಬೇರೆ ಶುಲ್ಕ ಉಂಟೇ ಎಂಬುದನ್ನೂ ವಿಚಾರಿಸಿ.

6. ಬಿಟ್ಟು ಹೋಗುವುದು ಹೇಗೆ? ಮಾಹಿತಿ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ರೂಪದಲ್ಲಿ ವಾಪಸು ಸಿಗಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕೆಂಬುದು ನೆನಪಿರಲಿ.

ನಮ್ಮಲ್ಲಿ ಅನೇಕರು ಕ್ಲೌಡ್ ಕಂಪನಿಯೊಡನೆ ನೇರವಾಗಿ ವ್ಯವಹರಿಸುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನವರ ಮೂಲಕವೇ ಹೋಗುತ್ತಾರೆ. ಹಾಗಿದ್ದರೆ ಈ ಆರೂ ಪ್ರಶ್ನೆಗಳನ್ನು ಅವರಿಗೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊನೆಯದಾಗಿ, ಸೀಸನ್ನಿನಲ್ಲಿ ಬದಲಾವಣೆ ಬೇಡ. ವ್ಯಾಪಾರ ತಣ್ಣಗಿರುವ ತಿಂಗಳಲ್ಲಿ ಹಳೆಯ ಸರ್ವರ್, ಕ್ಲೌಡ್ ಎರಡನ್ನೂ ಜೊತೆಯಲ್ಲಿ ನಡೆಸಿ, ಪ್ರತಿ ರಾತ್ರಿ ಲೆಕ್ಕ ತಾಳೆ ನೋಡಿ. ಒಂದು ದಿನದ ಬ್ಯಾಕಪ್ಪನ್ನು ನಿಮ್ಮೆದುರಿಗೇ ತೆರೆದು ತೋರಿಸಲು ಹೇಳಿ. ಅದು ತೆರೆದ ಮೇಲಷ್ಟೇ ಹಳೆಯ ಸರ್ವರಿಗೆ ವಿಶ್ರಾಂತಿ ಕೊಡಬಹುದು.