ಕಾಂಗ್ರೆಸ್ ಗಿಡದ ತುರಿಕೆ: ಔಷಧಿಗೆ ಮೊದಲು ಕಾರಣವನ್ನು ತಿಳಿಯಿರಿ



ಹೊಲದ ಬದು, ರಸ್ತೆಯ ಅಂಚು, ಹಿತ್ತಿಲು, ಶಾಲೆಯ ಬಯಲು, ಎಲ್ಲಿ ನೋಡಿದರೂ ಸಣ್ಣ ಬಿಳಿ ಹೂಗಳ ಕಾಂಗ್ರೆಸ್ ಗಿಡ ಕಾಣುತ್ತದೆ. ಶಾಸ್ತ್ರಜ್ಞರು ಇದನ್ನು ಪಾರ್ಥೇನಿಯಂ ಎನ್ನುತ್ತಾರೆ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಅವರ ಕಣ್ಣಿಗೆ ಬಿದ್ದಿತು. ಮುಂದೆ ದೇಶದ ಬಹುಭಾಗಕ್ಕೆ ಹರಡಿತು. ಇದು ಬೆಳೆಗೆ ಕಳೆ ಎಂಬುದು ನಮಗೆಲ್ಲ ತಿಳಿದದ್ದೆ. ಆದರೆ ಕೆಲವರ ಮೈಗೂ ಇದು ವೈರಿ. ವರ್ಷಗಟ್ಟಲೆ ಬಿಡದ ತುರಿಕೆಯನ್ನು ಇದು ತರುತ್ತದೆ. ಆ ತುರಿಕೆಯ ವಿಚಾರವೇ ಈ ಸಲದ ಪಾಠ.

ಹೇಗೆ ಬರುತ್ತದೆ?

ಈ ಗಿಡದ ಎಲೆ, ಕಾಂಡಗಳ ಮೇಲೆ ಸೂಕ್ಷ್ಮವಾದ ರೋಮಗಳಿವೆ. ಅವುಗಳಲ್ಲಿ ಪಾರ್ಥೆನಿನ್ ಎಂಬ ಪದಾರ್ಥವಿದೆ. ಗಿಡ ಒಣಗಿ ಪುಡಿಯಾದಾಗ ಆ ಧೂಳು ಗಾಳಿಯಲ್ಲಿ ತೇಲಿ ಬಂದು ಮೈಮೇಲೆ ಕೂರುತ್ತದೆ. ಆದುದರಿಂದ ಗಿಡವನ್ನು ಕೈಯಿಂದ ಮುಟ್ಟದವರಿಗೂ ತುರಿಕೆ ಬರಬಹುದು.

ಮುಟ್ಟಿದವರಿಗೆಲ್ಲ ಇದು ಬರುವುದಿಲ್ಲ. ಹಲವು ತಿಂಗಳು ಅಥವಾ ಹಲವು ವರ್ಷ ಸುಮ್ಮನಿದ್ದ ಮೈಗೆ ಒಂದು ದಿನ ಆ ಪದಾರ್ಥ ಒಗ್ಗದಂತಾಗುತ್ತದೆ. ಇದನ್ನೇ ಅಲರ್ಜಿ ಎನ್ನುವರು. “ಇಪ್ಪತ್ತು ವರ್ಷದಿಂದ ಇದೇ ಗಿಡ ಕೀಳುತ್ತಿದ್ದೇನೆ, ಈಗೇಕೆ ಬಂತು?” ಎಂದು ಕೇಳುವವರಿಗೆ ಇದೇ ಉತ್ತರ. ಒಮ್ಮೆ ಹೀಗಾದ ಮೈ ಸಾಮಾನ್ಯವಾಗಿ ಮತ್ತೆ ಮೊದಲಿನಂತಾಗುವುದಿಲ್ಲ.

ಮೊದಲು ಕಣ್ಣರೆಪ್ಪೆ, ಕತ್ತು, ಮೊಣಕೈಯ ಮಡಿಕೆ, ಮಂಡಿಯ ಹಿಂಭಾಗ ಕೆಂಪಾಗಿ ತುರಿಸುತ್ತವೆ. ಕೆರೆದಲ್ಲಿ ನೀರು ಒಸರುತ್ತದೆ. ವರ್ಷ ಕಳೆದಂತೆ ಚರ್ಮ ಕಪ್ಪಾಗಿ, ದಪ್ಪವಾಗಿ, ಗೆರೆ ಬೀಳುತ್ತದೆ. ಕೆಲವರಿಗೆ ಬಿಸಿಲೂ ತಡೆಯುವುದಿಲ್ಲ.

ಇದು ಅಂಟುರೋಗವಲ್ಲ

ದಪ್ಪಗಾದ ಮುಖವನ್ನು ಕಂಡು ಜನ ಕುಷ್ಠವೆಂದು ಹೆದರುವುದುಂಟು. ಮನೆಯಲ್ಲೇ ತಟ್ಟೆ ಲೋಟ ಬೇರೆ ಇಡುತ್ತಾರೆ. ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ತುರಿಕೆಗಿಂತ ಈ ದುಃಖ ದೊಡ್ಡದು. ಇದಕ್ಕೆ ಕಾರಣವೇ ಇಲ್ಲ. ಈ ತುರಿಕೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶದ ಅರಿವು ಕುಂದಿರುತ್ತದೆ, ತುರಿಕೆ ಇರುವುದಿಲ್ಲ. ಸಂಶಯವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಕುಷ್ಠವೇ ಆಗಿದ್ದರೂ ಅದನ್ನು ಗುಣಪಡಿಸುವ ಔಷಧಿ ಅಲ್ಲಿ ಉಚಿತವಾಗಿ ಸಿಗುತ್ತದೆ.

ಔಷಧಿಯ ಮೇಲೆ ಔಷಧಿ

ಈ ತುರಿಕೆಯುಳ್ಳ ರೈತರೊಬ್ಬರ ಒಂದು ವರ್ಷವನ್ನು ಊಹಿಸಿ ನೋಡೋಣ. ಮುಂಗಾರು ಬಿದ್ದು ಗಿಡ ಎದ್ದಿತು, ತುರಿಕೆಯೂ ಎದ್ದಿತು. ಬೇವು, ಅರಿಸಿನ ಅರೆದು ಹಚ್ಚಿದರು. ಹೋಗಲಿಲ್ಲ. ಅಂಗಡಿಯಲ್ಲಿ ಕೇಳಿ ಮುಲಾಮು ತಂದರು. ಹಚ್ಚಿದಾಗ ತಣ್ಣಗಾಯಿತು, ಬಿಟ್ಟೊಡನೆ ಕೆರಳಿತು. ಯಾರಲ್ಲೋ ಸೂಜಿ ಚುಚ್ಚಿಸಿಕೊಂಡರು. ಕೆಲವು ದಿನ ಸುಖವಾಗಿತ್ತು. ಕಡೆಗೆ ಚಳಿಗಾಲದಲ್ಲಿ ದೂರದ ಊರಿನಿಂದ ಪುಡಿ ತಂದು ಸೇವಿಸಿದರು. ತುರಿಕೆ ನಿಂತಿತು. “ಇದೇ ಸರಿಯಾದ ಔಷಧಿ” ಎಂದು ನಾಲ್ಕು ಜನಕ್ಕೆ ಹೇಳಿದರು. ಮರುವರ್ಷದ ಮುಂಗಾರಿಗೆ ತುರಿಕೆ ಮರಳಿತು. ಅದೇ ಪುಡಿ ಈಗ ನಾಟಲಿಲ್ಲ.

ಇಲ್ಲಿ ಆದದ್ದೇನು? ಮಳೆಗಾಲದಲ್ಲಿ ಗಿಡ ಸೊಂಪಾಗಿರುವಾಗ ಈ ತುರಿಕೆ ಏರುತ್ತದೆ. ಚಳಿಗಾಲದಲ್ಲಿ ಗಿಡ ಕಡಿಮೆಯಾದಾಗ, ಮೊದಮೊದಲ ವರ್ಷಗಳಲ್ಲಿ, ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಔಷಧಿಗೆ ಹೆಸರು ಬರುತ್ತದೆ. ಹೀಗೆ ಹಣವೂ ಹೋಗುತ್ತದೆ, ಕಾಲವೂ ಹೋಗುತ್ತದೆ. ಅಷ್ಟರಲ್ಲಿ ತುರಿಕೆ ವರ್ಷವಿಡೀ ನಿಲ್ಲುವಂತಾಗಬಹುದು.

ಆದುದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಮೂರು ಗುರುತು ಹಾಕಿರಿ: ತುರಿಕೆ ಹೆಚ್ಚೋ ಕಡಿಮೆಯೋ, ಅಂದು ಮಾಡಿದ ಕೆಲಸವೇನು, ತೆಗೆದುಕೊಂಡ ಔಷಧಿ ಯಾವುದು. ಕಳೆ ಕಿತ್ತ ಮರುದಿನ ತುರಿಕೆ ಏರಿದರೆ ಕಾರಣದ ಸುಳಿವು ಸಿಕ್ಕಿತು. ನಾಲ್ಕು ಔಷಧಿಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಹಿಡಿಯಿತೆಂದು ತಿಳಿಯುವುದಿಲ್ಲ. ಈ ಕ್ಯಾಲೆಂಡರನ್ನೂ ಖಾಲಿ ಮುಲಾಮಿನ ಕೊಳವೆಗಳನ್ನೂ ಚರ್ಮವೈದ್ಯರ ಬಳಿಗೆ ಒಯ್ಯಿರಿ.

ವೈದ್ಯರು ಏನು ಮಾಡುವರು?

ಬೆನ್ನಿನ ಮೇಲೆ ಗಿಡದ ಸಾರವಿರುವ ಪಟ್ಟಿಯನ್ನು ಎರಡು ದಿನ ಅಂಟಿಸಿ, ಆಮೇಲೆ ತೆಗೆದು ನೋಡುವ ಪರೀಕ್ಷೆ ಒಂದಿದೆ. ಆ ಜಾಗ ಕೆರಳಿದರೆ ಗಿಡ ಒಗ್ಗದೆಂದು ತಿಳಿಯುತ್ತದೆ.

ಉರಿಯೂತ ಇಳಿಸಲು ಸ್ಟೀರಾಯಿಡ್ ಮುಲಾಮು ಒಳ್ಳೆಯ ಔಷಧಿ. ಆದರೆ ಎಲ್ಲಿಗೆ, ಎಷ್ಟು ದಿನ, ಎಷ್ಟು ಬಲದ್ದು ಎಂಬುದನ್ನು ವೈದ್ಯರೇ ಹೇಳಬೇಕು. ಬಲವಾದದ್ದನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಅದು ಒಳಗೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ವಿಧಿಸಿತು. ಸ್ಟೀರಾಯಿಡ್ ಮಾತ್ರೆ, ಸೂಜಿಗಳನ್ನು ಬಹುಕಾಲ ಬಳಸಿದರೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಎಲುಬಿನ ಸವೆತ ಬರಬಹುದು. ಬಹುದಿನ ತೆಗೆದುಕೊಂಡವರು ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರು ಹೇಳಿದಂತೆ ಕ್ರಮವಾಗಿ ಇಳಿಸಬೇಕು.

ಹಟಮಾರಿ ತುರಿಕೆಗೆ ಅಜಥಯೊಪ್ರಿನ್ ಎಂಬ ಮಾತ್ರೆಯನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಚರ್ಮವೈದ್ಯರು ಪರೀಕ್ಷಿಸಿ ಉಪಯುಕ್ತವೆಂದು ಕಂಡಿದ್ದಾರೆ. ಇದನ್ನು ಸೇವಿಸುವಾಗ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಒಬ್ಬರ ಚೀಟಿಯಿಂದ ಇನ್ನೊಬ್ಬರು ತರಬಾರದು.

ಮನೆಯಲ್ಲಿ ಪಾಲಿಸಬೇಕಾದದ್ದು

1. ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ತೊಟ್ಟು, ತಲೆ ಕತ್ತುಗಳಿಗೆ ವಸ್ತ್ರ ಸುತ್ತಿಕೊಳ್ಳಿರಿ.
2. ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿರಿ. ಒಗೆದ ಬಟ್ಟೆಯನ್ನು ಗಿಡ ಬೆಳೆದ ಕಡೆ ಒಣಹಾಕಬೇಡಿರಿ.
3. ಮೈ ಒದ್ದೆ ಇರುವಾಗಲೇ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿರಿ.
4. ಬೆಳ್ಳುಳ್ಳಿ, ನಿಂಬೆರಸ, ಸೀಮೆಎಣ್ಣೆ ಹಚ್ಚಬೇಡಿರಿ. ಇವು ಚರ್ಮವನ್ನು ಸುಡುತ್ತವೆ.
5. ಸೇವಂತಿಗೆ, ಸೂರ್ಯಕಾಂತಿ ಇದೇ ಕುಲದವು. ಇವೂ ಕೆಲವರಿಗೆ ಒಗ್ಗುವುದಿಲ್ಲ, ಬೆಳೆಯುವವರು ಗಮನಿಸಿರಿ.

ಊರು ಮಾಡಬೇಕಾದದ್ದು

ಗಿಡ ಮೈಗೆ ತಾಕುತ್ತಿರುವವರೆಗೆ ಯಾವ ಔಷಧಿಯೂ ಪೂರ್ತಿ ಗೆಲ್ಲಲಾರದು. ಒಬ್ಬರೇ ತಮ್ಮ ಹೊಲ ಶುಚಿ ಮಾಡಿದರೂ ಪಕ್ಕದ ಬದುವಿನ ಧೂಳು ಬರುತ್ತದೆ. 1975ರಲ್ಲಿ ಕರ್ನಾಟಕ ಸರಕಾರ ಇದನ್ನು ಪೀಡೆಯ ಕಳೆಯೆಂದು ಘೋಷಿಸಿತ್ತು. ಘೋಷಣೆಯಿಂದ ಗಿಡ ಹೋಗಲಿಲ್ಲ. ಹೋಗಬೇಕಾದರೆ ಎಲ್ಲರೂ ಕೈಹಾಕಬೇಕು.

ಒಂದು ಗಿಡ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬೀಜ ಉದುರಿಸಬಲ್ಲದು. ಆದುದರಿಂದ ಮಳೆ ಬಿದ್ದು ನೆಲ ಹಸಿ ಇರುವಾಗ, ಹೂ ಬಿಡುವ ಮೊದಲೇ, ಬೇರುಸಹಿತ ಕೀಳಬೇಕು. ಕೀಳುವವರು ಕೈಚೀಲ ತೊಡಬೇಕು. ತುರಿಕೆಯುಳ್ಳವರನ್ನು ಈ ಕೆಲಸಕ್ಕೆ ಕರೆಯಬಾರದು. ಹೂ ಬಿಡದ ಗಿಡವನ್ನು ಗುಂಡಿಗೆ ತುಂಬಿ ಗೊಬ್ಬರ ಮಾಡಬಹುದು. ಇದರ ಎಲೆಯನ್ನು ತಿನ್ನುವ ಮೆಕ್ಸಿಕೊ ದೇಶದ ಜೀರುಂಡೆಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆಯ ಬಳಿಕ ಬಿಡಲಾಯಿತು. ಹಳದಿ ಬೆನ್ನಿನ ಮೇಲೆ ಕಪ್ಪು ಗೆರೆಗಳಿರುವ ಈ ಜೀರುಂಡೆ ಗಿಡದ ಮೇಲೆ ಕಂಡರೆ ಕೊಲ್ಲಬೇಡಿರಿ.

ಕೂಡಿ ಚರ್ಚಿಸಿರಿ

1. ನಮ್ಮ ಊರಿನಲ್ಲಿ ಮಳೆಗಾಲದಲ್ಲೇ ತುರಿಕೆ ಏರುವವರು ಯಾರಾದರೂ ಇದ್ದಾರೆಯೆ?
2. ಅವರನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯುವವರು ಯಾರು?
3. ಮುಂದಿನ ಮುಂಗಾರಿಗೆ ಮೊದಲು ಅವರ ಮನೆಯ ಸುತ್ತ, ಅವರ ಹೊಲದ ಬದುವಿನಲ್ಲಿ ಗಿಡ ಕೀಳಲು ಯಾವ ದಿನ ಸೇರೋಣ?