ಕೋಟೆಯ ನೀರಿನ ಲೆಕ್ಕ

ಚಿತ್ರದುರ್ಗದ ಕೋಟೆ ಅಂದ ತಕ್ಷಣ ನಮಗೆ ನೆನಪಾಗೋದು ಏಳು ಸುತ್ತು, ಮದಕರಿ ನಾಯಕ, ಒನಕೆ ಓಬವ್ವ. ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಒಂದು ಸಣ್ಣ ವಿಷಯ ಗಮನಿಸಿದ್ದೀರಾ? ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರು ತರೋಕೆ ಹೊರಗೆ ಹೋಗಿದ್ದಳು. ಆಗಲೇ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳೋದು ಅವಳ ಕಣ್ಣಿಗೆ ಬಿತ್ತು. ಅವಳು ನೀರಿಗೆ ಹೋದಳು ಅನ್ನೋ ತಣ್ಣೀರು ದೋಣಿ ಇವತ್ತಿಗೂ ಕಿಂಡಿಯ ಹತ್ತಿರವೇ ಇದೆ.

ನಾನೂ ಕೋಟೆಗೆ ಹೋದಾಗೆಲ್ಲ ಬುರುಜಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬಂದವನೇ. ನೀರಿನ ಬಗ್ಗೆ ಯೋಚಿಸಿರಲಿಲ್ಲ. ಗೋಡೆ ಶತ್ರುವನ್ನು ತಡೆಯುತ್ತೆ, ಬಾಯಾರಿಕೆಯನ್ನು ತಡೆಯಲ್ಲ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೆ ಒಳಗಿನವರು ಕುಡಿಯೋದೇನು? ಬೆಟ್ಟದ ಮೇಲೆ ಹೊಳೆ ಇಲ್ಲ, ಮಳೆಯೂ ಕಡಿಮೆ.

ಬಂಡೆಯೇ ಉಪಕಾರಿ

ಮಣ್ಣಿನ ಮೇಲೆ ಬಿದ್ದ ಮಳೆ ಬಹುಪಾಲು ಇಂಗುತ್ತೆ. ಬಂಡೆಯ ಮೇಲೆ ಬಿದ್ದದ್ದು ಹರಿದು ಹೋಗುತ್ತೆ. ನಾವು ಇದನ್ನು ರನ್‌ಆಫ್ ಅಂತ ಓದ್ತೀವಿ. ಬೇಸಾಯಕ್ಕೆ ಬಾರದ ಬಂಡೆ ನೀರು ಹಿಡಿಯೋಕೆ ಬಹಳ ಒಳ್ಳೆಯದು. ಕೋಟೆ ಕಟ್ಟಿದವರು ಅದನ್ನೇ ಬಳಸಿಕೊಂಡರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆಹೊಂಡ. ಪಂಪ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತೆ.

ಕೆರೆಗೊಂದು ಶಾಸನ

ಈ ಬುದ್ಧಿ ನಾಯಕರ ಕಾಲದಲ್ಲಿ ಶುರುವಾದದ್ದಲ್ಲ. ಬೆಟ್ಟದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. 4ನೇ ಶತಮಾನದ್ದು, ಪ್ರಾಕೃತ ಭಾಷೆ. ಅದರಲ್ಲಿ ಮಯೂರಶರ್ಮನ ಕೆರೆಯ ಕೆಲಸದ ಪ್ರಸ್ತಾಪ ಬರುತ್ತೆ. ರಾಜ್ಯ ಕಟ್ಟಿದವನು ಕೆರೆಯನ್ನೂ ಬಂಡೆಯ ಮೇಲೆ ಬರೆಸುವಷ್ಟು ದೊಡ್ಡದು ಅಂತ ತಿಳಿದಿದ್ದ. ಹೊಳಲ್ಕೆರೆಯಂತೂ ತನ್ನ ಹೆಸರಲ್ಲೇ ಕೆರೆ ಇಟ್ಟುಕೊಂಡಿದೆ.

ಮಾರಿಕಣಿವೆಯ ಲೆಕ್ಕ

ಇದೇ ಯೋಚನೆಯ ದೊಡ್ಡ ರೂಪ ನೋಡಬೇಕಾದರೆ ಹಿರಿಯೂರಿನ ಕಡೆ ಹೋಗಿ. ಹೊಸದುರ್ಗದ ಕಡೆಯಿಂದ ಬರುವ ವೇದಾವತಿಗೆ ಮಾರಿಕಣಿವೆಯಲ್ಲಿ, ಎರಡು ಗುಡ್ಡಗಳ ನಡುವೆ, 1898ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿದ ಕಲ್ಲಿನ ಅಣೆಕಟ್ಟು ಇದೆ. ಅದೇ ವಾಣಿ ವಿಲಾಸ ಸಾಗರ. ಇದು ಗ್ರಾವಿಟಿ ಡ್ಯಾಮ್, ಅಂದರೆ ತನ್ನ ತೂಕದಿಂದಲೇ ನೀರನ್ನು ತಡೆಯುತ್ತೆ.

ಪೂರ್ಣ ಮಟ್ಟ 130 ಅಡಿ, ಸುಮಾರು 40 ಮೀಟರ್. ನೀರಿನ ಒತ್ತಡ ಆಳದ ಮೇಲೆ ಮಾತ್ರ ನಿಂತಿರೋದರಿಂದ, ಅಷ್ಟು ಆಳದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು 40 ಟನ್ ಭಾರ ಬೀಳುತ್ತೆ. ಗೋಡೆಯ ಬುಡ ಯಾಕೆ ಅಷ್ಟು ದಪ್ಪ ಅಂತ ಈಗ ಗೊತ್ತಾಯ್ತಲ್ಲ!

ಈ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಆದಮೇಲೆ. ಒಂದು ಇಡೀ ತಲೆಮಾರು ನೋಡದೆಯೇ ಹೋದ ಕೋಡಿ ಅದು. ಆದರೂ ಬೇಕಾದ ದಿನ ಅದು ತನ್ನ ಕೆಲಸ ಮಾಡಿತು.

ನಮಗೇನು ಪಾಠ?

ಹೊಂಡವಾಗಲಿ ಅಣೆಕಟ್ಟಾಗಲಿ, ಕಟ್ಟಿದರೆ ಮುಗಿಯಲ್ಲ. ಬಂಡೆಯಿಂದ ಹೊಂಡಕ್ಕೆ ಬರೋ ದಾರಿಯಲ್ಲಿ ಹೂಳು, ಪ್ಲಾಸ್ಟಿಕ್ ತುಂಬಿದರೆ ಆ ಜಾಣತನವೆಲ್ಲ ದಂಡ. ನಾವು ಬಿಸಾಕೋ ಒಂದು ಬಾಟಲಿಯೂ ಆ ದಾರಿಯಲ್ಲೇ ಕೂರುತ್ತೆ.

ಮುಂದಿನ ಸಲ ಕೋಟೆಗೆ ಹೋದಾಗ ಹೀಗೆ ಮಾಡಿ. ಗೋಪಾಲಸ್ವಾಮಿ ಹೊಂಡದಿಂದ ಶುರುಮಾಡಿ, ನೀರು ಇಳಿಯೋ ದಿಕ್ಕಿನಲ್ಲೇ ಸಂತೆಹೊಂಡದ ತನಕ ನಡೆದು ಬನ್ನಿ. ಎಲ್ಲಿ ಇಳಿಜಾರು, ಎಲ್ಲಿ ತಡೆ ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಫೋಟೋ ಆಮೇಲೆ ತೆಗೆದರಾಯ್ತು.